ಯಾರೂ ತೆರೆಯದ ಅಂಚೆ ಡಬ್ಬ

“ವಾಪಸು ಬಂದ ಪತ್ರಗಳೆಲ್ಲ ನಿಮ್ಮಲ್ಲಿ ಎಲ್ಲಿ ಹೋಗಿ ಬೀಳ್ತವೆ?” ಎಂದು ಕೇಳಿದೆ.

ಪರದೆಯಿಂದ ಕಣ್ಣು ಕೀಳಲಿಲ್ಲ ಕಡ್ಡಿ. ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಎಲ್ಲರೂ ಅವನನ್ನು ಕರೆಯುವುದೇ ಹಾಗೆ. ಐವತ್ತು ದಾಟಿದ, ನರೆತ ಗಡ್ಡದ, ಫ್ಯಾನು ಜೋರಾಗಿ ತಿರುಗಿದರೆ ಹಾರಿಹೋದಾನೆಂಬಂಥ ಮನುಷ್ಯ. ಆಸ್ಪತ್ರೆಯಿಂದ ರೋಗಿಗಳಿಗೆ ಹೋಗುವ ಒಂದೊಂದು ಇಮೇಲೂ ಇವನು ಬರೆದ ಪ್ರೋಗ್ರಾಮಿನಿಂದಲೇ ಹೊರಡಬೇಕು.

“ವಾಪಸು ಯಾವುದೂ ಬರಲ್ಲ ಮೇಡಂ. ಹೋದದ್ದು ಹೋಯ್ತು. ನೋಡಿ, ಇಲ್ಲೇ ಬರೆದಿದೆಯಲ್ಲ.”

ಬರೆದಿತ್ತು. ಅರ್ಧ ಗಂಟೆಯಿಂದ ಆ ಸಾಲನ್ನು ನೋಡಿ ನೋಡಿ ನನಗೆ ಬಾಯಿಪಾಠವಾಗಿತ್ತು. ನನ್ನ ತಮ್ಮನ ಇಮೇಲ್ ವಿಳಾಸ, ಪಕ್ಕದಲ್ಲಿ ‘ಕಳಿಸಲಾಗಿದೆ’, ಅದರ ಪಕ್ಕದಲ್ಲಿ ಹನ್ನೊಂದು ಗಂಟೆ ನಾಲ್ಕು ನಿಮಿಷ.

ತಮ್ಮನ ಎರಡೂ ಕಿಡ್ನಿ ಕೆಟ್ಟು ನಾಲ್ಕು ವರ್ಷ. ಇವತ್ತು ಬೆಳಿಗ್ಗೆ ದಾನದ ಕಿಡ್ನಿಯೊಂದು ಸಿಕ್ಕಿ ಅವನ ಸರದಿ ಬಂದಿತ್ತು, ಕರೆಪತ್ರ ಹೊರಟಿತ್ತು, ನಲವತ್ತು ನಿಮಿಷದಲ್ಲಿ ಉತ್ತರ ಬರಲಿಲ್ಲವೆಂದು ಆ ಕಿಡ್ನಿ ಪಟ್ಟಿಯಲ್ಲಿ ಅವನ ಕೆಳಗಿದ್ದವನ ಪಾಲಾಗಿತ್ತು. ತಮ್ಮನೋ, ಪತ್ರವೇ ಬಂದಿಲ್ಲ ಅನ್ನುತ್ತಾನೆ. ಎರಡು ಗಂಟೆಗೆ ಆ ಕೆಳಗಿನವನನ್ನು ಆಪರೇಷನ್ ಕೋಣೆಗೆ ಒಯ್ಯುತ್ತಾರೆ. ಗೋಡೆಯ ಗಡಿಯಾರದಲ್ಲಿ ಆಗಲೇ ಒಂದೂ ಇಪ್ಪತ್ತು.

ಫೋನು ಯಾಕೆ ಮಾಡಲಿಲ್ಲ ಎಂದು ಬಂದ ತಕ್ಷಣ ಕೂಗಾಡಿದ್ದೆ. ಹಿಂದೊಮ್ಮೆ ಫೋನು ಮಾಡಿದಿರಿ, ಮಾಡಲಿಲ್ಲ ಎಂದು ಜಗಳವಾಗಿ ಕೋರ್ಟು ಹತ್ತಿದ ಮೇಲೆ ಪತ್ರವೊಂದೇ ಸಾಕ್ಷಿ ಎಂದು ನಿಯಮ ಮಾಡಿದ್ದಾರಂತೆ. ಹಾವಿಗೆ ಹೆದರಿ ಹೊಳೆಗೆ ಹಾರಿದವರ ಬುದ್ಧಿ.

“ರೀ, ನಾನು ಮೂವತ್ತೊಂದು ವರ್ಷ ಅಂಚೆ ಇಲಾಖೆಯಲ್ಲಿದ್ದೋಳು. ಕೊನೇ ಒಂಬತ್ತು ವರ್ಷ ವಿಳಾಸ ಸಿಗದ ಪತ್ರಗಳ ವಿಭಾಗ. ಪತ್ರ ಅಂದ್ಮೇಲೆ ವಾಪಸು ಬಂದೇ ಬರುತ್ತೆ. ಇರ್ಲಿ, ಮೊದಲು ಇದು ಹೇಳಿ. ಡಾಕ್ಟ್ರು ಬಟನ್ ಒತ್ತಿದ ತಕ್ಷಣ ಪತ್ರ ಹೋಗ್ಬಿಡುತ್ತಾ?”

“ತಕ್ಷಣ ಅಂದ್ರೆ, ಕ್ಯೂಗೆ ಹೋಗುತ್ತೆ. ಒತ್ತಿದೋರು ಪರದೆ ಮುಂದೆ ಕಾಯ್ತಾ ಕೂರಬಾರ್ದಲ್ಲ. ಒಂದು ಚೀಟಿ ಸಾಲಿಗೆ ಬೀಳುತ್ತೆ. ಹಿಂದುಗಡೆ ಇನ್ನೊಂದು ಪ್ರೋಗ್ರಾಮು ಓಡ್ತಾ ಇರುತ್ತೆ, ವರ್ಕರ್ ಅಂತೀವಿ. ಅದು ಒಂದೊಂದೇ ಚೀಟಿ ಎತ್ಕೊಂಡು ಪತ್ರ ಕಳಿಸುತ್ತೆ. ಈ ಏರ್ಪಾಡೆಲ್ಲ ನನ್ನದಲ್ಲ, ಎಲ್ಲ ಕಡೆ ಬಳಸೋ ಒಂದು ಲೈಬ್ರರಿ. ಬೇರೆಯವರು ಬರೆದಿಟ್ಟಿರೋ ಕೋಡು. ನಾನು ನಮ್ಮ ಸೈಟಿಗೆ ಜೋಡಿಸಿದ್ದೀನಿ, ಅಷ್ಟೆ.”

“ಹಾಗಾದ್ರೆ ಹನ್ನೊಂದೂ ನಾಲ್ಕು ಅನ್ನೋದು ಪತ್ರ ಹೋದ ಹೊತ್ತಲ್ಲ. ಚೀಟಿ ಬಿದ್ದ ಹೊತ್ತು.”

ಕೀಲಿಗಳ ಮೇಲಿದ್ದ ಅವನ ಬೆರಳು ನಿಂತಿತು.

“ಹೌದು.”

“ಮತ್ತೆ ‘ಕಳಿಸಲಾಗಿದೆ’ ಅಂತ ಯಾಕೆ ತೋರಿಸ್ತಿದ್ದೀರಿ?”

“ಯಾವಾಗ್ಲೂ ಎರಡು ಸೆಕೆಂಡಲ್ಲಿ ಹೋಗ್ಬಿಡುತ್ತೆ ಮೇಡಂ. ಇದುವರೆಗೂ ಯಾರೂ ಕೇಳಿರ್ಲಿಲ್ಲ.”

ಯಾರೂ ಕೇಳಿರಲಿಲ್ಲವಂತೆ! ನನಗೆ ಮೈಯೆಲ್ಲ ಉರಿಯಿತು. ಆದರೆ ಉರಿದುಕೊಳ್ಳುವುದಕ್ಕೂ ಪುರಸೊತ್ತಿರಲಿಲ್ಲ.

“ಇವತ್ತು ಹನ್ನೊಂದೂ ನಾಲ್ಕಕ್ಕೆ ಸಾಲಿನಲ್ಲಿ ಇವನ ಮುಂದೆ ಎಷ್ಟು ಜನ ನಿಂತಿದ್ರು, ನೋಡಿ.”

ಅವನು ಏನೇನೋ ಒತ್ತಿದ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರನೆ ಮೇಲೇರಿದವು. ಆಮೇಲೆ ಗಡ್ಡ ಕೆರೆದುಕೊಂಡು ಮತ್ತೆ ಮೊದಲಿನಿಂದ ನೋಡತೊಡಗಿದ.

“ಬಾಯಿ ಬಿಡ್ರೀ!”

“ಮೂರು ಸಾವಿರದ ಇನ್ನೂರು. ಹನ್ನೊಂದು ಗಂಟೆಗೆ ಸರಿಯಾಗಿ ತಿಂಗಳ ಆರೋಗ್ಯ ಪತ್ರಿಕೆ ಹೊರಟಿದೆ. ಕೈ ತೊಳೆಯೋದು ಹೇಗೆ ಅಂತ. ತುರ್ತಿನ ಪತ್ರಕ್ಕೆ ಬೇರೆ ಸಾಲು ಮಾಡಿಟ್ಟಿದ್ದೀನಿ ಮೇಡಂ, ದೇವರಾಣೆ ಮಾಡಿಟ್ಟಿದ್ದೀನಿ. ಆದ್ರೆ ಈ ಕರೆಪತ್ರದಲ್ಲಿ ಆ ಸಾಲಿನ ಹೆಸರು ಹಾಕೋದು ಮರ್ತುಬಿಟ್ಟಿದ್ದೀನಿ. ಹೆಸರಿಲ್ದಿದ್ರೆ ಎಲ್ಲಾ ಸಾಮಾನ್ಯ ಸಾಲಿಗೇ ಬೀಳುತ್ತೆ.”

ನನ್ನ ತಮ್ಮನ ಪ್ರಾಣದ ಕರೆಪತ್ರ, ಸೋಪು ಹಚ್ಚಿ ಇಪ್ಪತ್ತು ಸೆಕೆಂಡು ಉಜ್ಜಿರಿ ಅನ್ನುವ ಮೂರು ಸಾವಿರ ಕಾಗದದ ಹಿಂದೆ ಕಾಯುತ್ತಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಕೊನೆಗೆ ಯಾವಾಗ ಹೋಯ್ತು?”

“ಹನ್ನೊಂದೂ ಇಪ್ಪತ್ತೊಂದು.”

ಲೆಕ್ಕ ಹಾಕಿದೆ. ಗಡುವು ಹನ್ನೊಂದೂ ನಲವತ್ತನಾಲ್ಕಕ್ಕೆ. ತಡವಾಗಿಯಾದರೂ ಇಪ್ಪತ್ತಮೂರು ನಿಮಿಷ ಮೊದಲೇ ತಲುಪಬೇಕಿತ್ತು. ತಲುಪಲಿಲ್ಲ.

“ಚೀಟಿಯಲ್ಲಿ ಏನೇನು ಬರೆದಿರುತ್ತೆ? ವಿಳಾಸ ಇರುತ್ತಾ?”

“ಇಲ್ಲ, ರೋಗಿ ನಂಬರು ಮಾತ್ರ. ಚೀಟಿ ಹಗುರ ಇರ್ಲಿ ಅಂತ ಲೈಬ್ರರಿನೇ ಹಾಗೆ ಮಾಡುತ್ತೆ. ವರ್ಕರ್ ಚೀಟಿ ಎತ್ಕೊಂಡಾಗ ನಂಬರು ಹಿಡಿದು ರಿಜಿಸ್ಟರ್ ತೆಗೆದು, ಆ ಕ್ಷಣಕ್ಕೆ ಅಲ್ಲಿ ಯಾವ ವಿಳಾಸ ಇದೆಯೋ ಅದಕ್ಕೆ ಕಳಿಸುತ್ತೆ.”

“ನೀವೀಗ ನನಗೆ ತೋರಿಸ್ತಿರೋ ವಿಳಾಸ?”

“ಅದೂ ರಿಜಿಸ್ಟರಿಂದಾನೇ. ಈಗಿಂದು.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವನಿಗೂ ಆಗ ಹೊಳೆದಿತ್ತು.

“ನಡುವೆ ಯಾರಾದ್ರೂ ವಿಳಾಸ ಬದಲಾಯಿಸಿ, ಪತ್ರ ಹೋದ ಮೇಲೆ ಮತ್ತೆ ಮೊದಲಿದ್ದಂಗೇ ಬರೆದಿಟ್ಟಿದ್ರೆ, ನಿಮ್ಮ ಈ ಸಾಲು ಹೀಗೇ ಕಾಣ್ಸುತ್ತೆ. ಹೌದೋ ಅಲ್ಲವೋ?”

“ಹೌದು.”

“ಈಗ ಹೇಳಿ. ವಾಪಸು ಬಂದ ಪತ್ರ ಎಲ್ಲಿ ಬೀಳುತ್ತೆ?”

ಈ ಸಲ ಅವನು ವಾದಿಸಲಿಲ್ಲ. ‘ಈ ವಿಳಾಸಕ್ಕೆ ಉತ್ತರಿಸಬೇಡಿ’ ಎಂದು ಪ್ರತಿ ಪತ್ರದ ಕೆಳಗೂ ಬರೆದಿರುತ್ತದಲ್ಲ, ಆ ವಿಳಾಸಕ್ಕೂ ಒಂದು ಡಬ್ಬವಿದೆಯಂತೆ. ಇಟ್ಟ ದಿನದಿಂದ ಅದನ್ನು ಯಾರೂ ತೆರೆದಿಲ್ಲ. ಪಾಸ್‌ವರ್ಡು ಹುಡುಕುವುದಕ್ಕೇ ಆರು ನಿಮಿಷ ಹಿಡಿಯಿತು. ಹಳೇ ಡೈರಿಯ ರಟ್ಟಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ.

ತೆರೆದರೆ ನಲವತ್ತೊಂದು ಸಾವಿರ ಪತ್ರಗಳು, ಒಂದನ್ನೂ ಓದಿಲ್ಲ. ವಿಳಾಸ ತಪ್ಪಿದ್ದು, ಡಬ್ಬ ತುಂಬಿದ್ದು, ಸತ್ತವರದ್ದು. ಒಂಬತ್ತು ವರ್ಷ ಇಂಥ ಪತ್ರಗಳ ನಡುವೆಯೇ ಬದುಕಿದವಳು ನಾನು. ನನಗೆ ಈ ಆಸ್ಪತ್ರೆಯವರ ಮೇಲೆಲ್ಲ ಒಟ್ಟಿಗೇ ಸಿಟ್ಟು ಬಂತು.

“ಇವತ್ತಿಂದು. ಹನ್ನೊಂದೂ ಇಪ್ಪತ್ತೆರಡು,” ಎಂದೆ.

ಇತ್ತು. ‘ಈ ವಿಳಾಸದಲ್ಲಿ ಯಾರೂ ಇಲ್ಲ’ ಎಂಬ ಷರಾ, ಅದರ ಕೆಳಗೆ ನನ್ನ ತಮ್ಮನ ಕರೆಪತ್ರ. ‘ಬರುತ್ತೇನೆ’, ‘ಬರುವುದಿಲ್ಲ’ ಎಂಬ ಎರಡು ಗುಂಡಿಗಳು ಹಾಗೇ ಇದ್ದವು. ವಿಳಾಸದ ಜಾಗದಲ್ಲಿ ಮಾತ್ರ ತಲೆಬುಡವಿಲ್ಲದ ಹತ್ತು ಹನ್ನೆರಡು ಅಕ್ಷರಗಳು. ಯಾರೋ ಅವಸರದಲ್ಲಿ ಕೈಗೆ ಸಿಕ್ಕಿದ್ದು ಒತ್ತಿದ್ದರು.

“ರಿಜಿಸ್ಟರಲ್ಲಿ ವಿಳಾಸ ತಿದ್ದೋಕೆ ಯಾರ್ಯಾರಿಗೆ ಆಗುತ್ತೆ?”

“ಇಬ್ಬರಿಗೆ. ರೋಗಿ ತನ್ನ ಪುಟಕ್ಕೆ ಹೋಗಿ ತಿದ್ಕೋಬಹುದು. ಇಲ್ಲಾಂದ್ರೆ ಮುಂದುಗಡೆ ನೋಂದಣಿ ಕೌಂಟರಿನೋರು.”

“ಇವತ್ತು ಕೌಂಟರಲ್ಲಿ ಯಾರಿದಾರೆ?”

ಕಡ್ಡಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಯಾವಾಗ್ಲೂ ಇರೋ ಆಕೆನೇ. ಮೇಡಂ, ಈಗ ಕಿಡ್ನಿ ಹಾಕ್ತಾರಲ್ಲ, ಅದು ಆಕೆ ಗಂಡನಿಗೇ.”

ಮರುಕ್ಷಣ ಎದ್ದು ನಿಂತಿದ್ದೆ.

“ಸ್ವಲ್ಪ ತಡೀರಿ,” ಎಂದ ಅವನು. “ಯಾರು ತಿದ್ದಿದ್ರು, ಎಲ್ಲಿಂದ ತಿದ್ದಿದ್ರು ಅನ್ನೋ ದಾಖಲೆ ಬೇರೆ ಸರ್ವರಲ್ಲಿರುತ್ತೆ. ಅನುಮತಿ ತಗೊಂಡು ತೆಗೀಬೇಕು. ಮುಕ್ಕಾಲು ಗಂಟೆ ಕೊಡಿ.”

“ನನ್ನ ಹತ್ರ ಮುಕ್ಕಾಲು ಗಂಟೆ ಇಲ್ಲ ಕಣ್ರೀ!”

ವಾಪಸು ಬಂದ ಪತ್ರವನ್ನು ಅವನಿಂದ ಮುದ್ರಿಸಿಕೊಂಡು, ಆ ಕಾಗದ ಹಿಡಿದು ಮೆಟ್ಟಿಲು ಹತ್ತಿದೆ. ಅರವತ್ತೆರಡು ವರ್ಷದ ಮಂಡಿ ನಾಲ್ಕು ಮಹಡಿ ಹತ್ತಿದ್ದು ಹೇಗೆಂದು ಈಗಲೂ ಗೊತ್ತಿಲ್ಲ.

ದೊಡ್ಡ ಡಾಕ್ಟರು ಹಸಿರು ಗೌನು ತೊಟ್ಟು ಕೈ ತೊಳೆಯಲು ಹೊರಟಿದ್ದರು. ಎತ್ತರದ ಹೆಂಗಸು, ಮಾತು ಕಡಿಮೆ. ಕಾಗದವನ್ನು ಎರಡು ಸಲ ಓದಿದರು, ಕೌಂಟರಿನ ಹೆಂಗಸಿನ ವಿಷಯ ನನ್ನಿಂದ ಕೇಳಿದರು. ಒಳಗೆ ಹೋಗಿ ಏನೋ ಹೇಳಿ ಬಂದರು.

“ನಿಲ್ಲಿಸಿದ್ದೀನಿ,” ಎಂದರು. “ಅವರಿಗೆ ಇನ್ನೂ ಅರಿವಳಿಕೆ ಕೊಟ್ಟಿಲ್ಲ. ಆದ್ರೆ ಕೇಳಿ. ಐದು ಗಂಟೆ ದಾಟಿದ್ರೆ ಆ ಕಿಡ್ನಿ ಯಾರಿಗೂ ಉಪಯೋಗಕ್ಕೆ ಬರಲ್ಲ. ಮೂರಕ್ಕೆ ಯಾರಿಗೆ ಅಂತ ನಾನು ತೀರ್ಮಾನ ಮಾಡ್ಲೇಬೇಕು. ನಿಮ್ಮ ತಮ್ಮನ್ನ ಈಗ್ಲೇ ಕರೆಸಿ. ಮೂರರೊಳಗೆ ಯಾರು ತಿದ್ದಿದ್ರು ಅಂತ ಬರೆದು, ಸಹಿ ಹಾಕಿ ಕೊಡಿ. ಅವರ ಕಡೆಯೋರು ತಿದ್ದಿದ್ದು ನಿಜವಾದ್ರೆ ಕಿಡ್ನಿ ನಿಮ್ಮ ತಮ್ಮನಿಗೆ.”

“ಅವರಿಗೆ?”

“ಪಟ್ಟಿಯಲ್ಲಿ ಕೈಯಾಡಿಸಿದೋರ ಕಡೆ ರೋಗಿ ಹೆಸರು ಹೊಡೆದುಹಾಕ್ತೀವಿ. ಮತ್ತೆ ಯಾವತ್ತೂ ಸೇರ್ಸಲ್ಲ. ಇಲ್ಲಿ ಅಷ್ಟೇ ನಿಯಮ.”

ಅಷ್ಟೇ ಆಗಲಿ ಎಂದುಕೊಂಡೆ. ಸತ್ಯವಾಗಿ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಆ ಮನುಷ್ಯನ ಮೇಲೆ ಒಂದು ಚೂರೂ ಕನಿಕರ ಬರಲಿಲ್ಲ.

ತಮ್ಮನ ಹೆಂಡತಿಗೆ ಫೋನು ಮಾಡಿದೆ. ಅವಳು ಔಷಧಿ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಗೇಟಿನಲ್ಲಿ ಫೋನು ಇಸಿದುಕೊಂಡರೆ ಹನ್ನೆರಡಕ್ಕೇ ವಾಪಸು ಕೊಡುವುದು. ಊಟದ ಬಿಡುವಿನಲ್ಲಿ ಗಂಡನ ಪುಟ ತೆರೆದು ‘ಕರೆಗೆ ಉತ್ತರವಿಲ್ಲ’ ಎಂದು ನೋಡಿ ನನ್ನನ್ನು ಆಸ್ಪತ್ರೆಗೆ ಓಡಿಸಿದವಳೇ ಅವಳು.

“ಅವನನ್ನ ಅಂಗಡಿಯಿಂದ ಎಬ್ಬಿಸ್ಕೊಂಡು ಬಾ. ಬಟ್ಟೆ ಬ್ಯಾಗ್ ತಾ. ಕಿಡ್ನಿ ಸಿಗಬಹುದು ಕಣೇ.”

ಆ ಕಡೆಯಿಂದ “ಅತ್ತಿಗೇ!” ಎಂದು ಒಂದೇ ಮಾತು, ಅಳುತ್ತಾ.

ಕೆಳಗಿಳಿದೆ. ಇಬ್ಬರು ಕಾವಲುಗಾರರನ್ನು ದೊಡ್ಡ ಡಾಕ್ಟರೇ ನನ್ನ ಜೊತೆ ಕಳಿಸಿದ್ದರು.

ನೋಂದಣಿ ಕೌಂಟರಿನಲ್ಲಿ ಆಕೆ ಯಾರದೋ ಅರ್ಜಿಗೆ ಮುದ್ರೆ ಒತ್ತುತ್ತಿದ್ದಳು. ನಲವತ್ತರ ಆಸುಪಾಸು, ಕಣ್ಣು ಊದಿತ್ತು. ಗಂಡ ಆಪರೇಷನ್ ಕೋಣೆಯ ಬಾಗಿಲಲ್ಲಿದ್ದರೆ ಹೆಂಡತಿ ಇಲ್ಲಿ ಮುದ್ರೆ ಒತ್ತುತ್ತಿದ್ದಾಳೆ! ನನಗೆ ಅದೇ ಅನುಮಾನಕ್ಕೆ ಸಾಕಾಯಿತು.

“ಹನ್ನೊಂದೂ ನಾಲ್ಕರಿಂದ ಹನ್ನೊಂದೂವರೆ ತನಕ ಎಲ್ಲಿದ್ದೆಯಮ್ಮ?” ಎಂದೆ.

“ಇಲ್ಲೇ. ಯಾಕೆ? ನೀವ್ಯಾರು?”

“ಪಟ್ಟಿಯಲ್ಲಿ ನಿನ್ನ ಗಂಡನ ಮೇಲೆ ಒಬ್ಬನ ಹೆಸರು ಇತ್ತಲ್ಲ, ಅವನ ಅಕ್ಕ.”

ಆಕೆಯ ಕೈಯಿಂದ ಮುದ್ರೆ ಜಾರಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು ಎಂದು ಮನಸ್ಸಿನಲ್ಲೇ ಹಲ್ಲು ಕಡಿದೆ.

“ಆಪರೇಷನ್ ನಿಂತಿದೆ. ನೀನು ನನ್ನ ತಮ್ಮನ ವಿಳಾಸ ತಿದ್ದಿದ್ದು ಸಿಕ್ಕಿಬಿದ್ದಿದೆ. ಇಲ್ನೋಡು ಕಾಗದ.”

ಆಕೆ ಕಾಗದ ನೋಡಲಿಲ್ಲ. “ನಿಂತಿದೆ” ಎಂಬ ಮಾತಿಗೇ ಸಿಕ್ಕಿಕೊಂಡಿದ್ದಳು.

“ನಿಂತಿದೆ ಅಂದ್ರೆ? ಅವರನ್ನ ಮಲಗಿಸಿ ಆಗಿತ್ತು. ನನ್ನ ಕೈ ಹಿಡ್ಕೊಂಡು ‘ನೀನು ಹೋಗಿ ಕೆಲಸ ಮಾಡು, ಇಲ್ಲಿ ಕೂತ್ರೆ ಹುಚ್ಚಿ ಆಗ್ತೀಯ’ ಅಂತ ಅವರೇ ಕಳಿಸಿದ್ರು. ಯಾರು ನಿಲ್ಸಿದ್ದು?”

“ನಾನು.”

ಕೌಂಟರ್ ಸುತ್ತಿ ಹೊರಗೆ ಬಂದಳು. ಹೊಡೆಯುತ್ತಾಳೇನೋ ಎಂದುಕೊಂಡೆ. ಕಾವಲುಗಾರರೂ ಹಾಗೇ ಎಣಿಸಿ ಮುಂದೆ ಬಂದರು. ಆಕೆ ನನ್ನ ಎದುರು ನಿಂತಳು, ಅಷ್ಟೆ.

“ನೋಡಿ ಅಕ್ಕ. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಈ ಕುರ್ಚಿಲಿ ಕೂತು ನಿಮ್ಮ ತಮ್ಮನ ಹೆಸರು ನೋಡ್ತೀನಿ. ಅವರ ಕೆಳಗೆ ನನ್ನ ಗಂಡನ ಹೆಸರು. ವಿಳಾಸ, ಫೋನು, ಎಲ್ಲಾ ನನ್ನ ಕೈಯಲ್ಲೇ ಇದೆ. ತಿದ್ಬೇಕು ಅಂದ್ಕೊಂಡಿದ್ರೆ ಯಾವತ್ತೋ ತಿದ್ಬಹುದಿತ್ತು. ಮನಸ್ಸಿಗೆ ಬರ್ಲಿಲ್ಲ ಅಂತ ಸುಳ್ಳು ಹೇಳಲ್ಲ. ಬಂದಿದೆ. ಒಂದು ಸಲ ಅಲ್ಲ, ನೂರು ಸಲ ಬಂದಿದೆ. ಆದ್ರೆ ಮಾಡ್ಲಿಲ್ಲ.”

“ಮಾಡಿದೋರು ಯಾರೂ ಮಾಡ್ದೆ ಅನ್ನಲ್ಲ ಬಿಡು.”

“ಸರಿ, ನನ್ನ ಮಾತು ಬೇಡ. ಕಂಪ್ಯೂಟರಿನೋರನ್ನೇ ಕೇಳಿ. ನಾನು ಇಲ್ಲಿಂದ ಯಾರ ವಿಳಾಸ ತಿದ್ದಿದ್ರೂ ತಕ್ಷಣ ಆ ರೋಗಿಯ ಹಳೇ ವಿಳಾಸಕ್ಕೆ ಒಂದು ಪತ್ರ ಹೋಗುತ್ತೆ. ‘ನಿಮ್ಮ ವಿಳಾಸ ಬದಲಾಗಿದೆ’ ಅಂತ. ತಡೆಯೋಕೆ ನನಗೆ ಬರಲ್ಲ. ನಿಮ್ಮ ತಮ್ಮನಿಗೆ ಅಂಥ ಪತ್ರ ಬಂದಿದೆಯಾ?”

ತಮ್ಮ ಬೆಳಿಗ್ಗೆಯಿಂದ ಯಾವ ಪತ್ರವೂ ಬಂದಿಲ್ಲವೆಂದೇ ಹೇಳುತ್ತಿದ್ದ.

“ಅದೂ ವಾಪಸು ಹೋಗಿರ್ಬೇಕು,” ಎಂದು ಹಟಕ್ಕೆ ಅಂದೆ.

“ಹಳೇ ವಿಳಾಸ ಸರಿ ಇದ್ದ ಮೇಲೆ ಯಾಕೆ ವಾಪಸು ಹೋಗುತ್ತೆ?”

ಮೂವತ್ತೊಂದು ವರ್ಷ ಅಂಚೆಯಲ್ಲಿದ್ದವಳಿಗೆ ಮುದ್ರೆ ಒತ್ತುವ ಹೆಂಗಸು ಪಾಠ ಹೇಳಿದಳು. ಕಾವಲುಗಾರರಲ್ಲೊಬ್ಬ ಆಕೆಯ ತೋಳು ಹಿಡಿದ. ಆಕೆ ಕೊಸರಾಡಲಿಲ್ಲ.

“ನಿಮಗೆ ತಮ್ಮ ಬೇಕು. ನನಗೆ ಗಂಡ ಬೇಕು. ನಾನು ನಿಮ್ಮ ಜಾಗದಲ್ಲಿದ್ರೂ ಹೀಗೇ ಹಾರಾಡ್ತಿದ್ದೆ. ಆದ್ರೆ ಸುಳ್ಳು ಬರೆದು ಕೊಡ್ಬೇಡಿ ಅಕ್ಕ. ಅವರ ಹೆಸರು ಹೊಡೆದುಹಾಕಿದ್ರೆ ಅವರು ಇನ್ನೊಂದು ವರ್ಷ ಉಳಿಯಲ್ಲ.”

ಅಳುತ್ತಾ ಹೇಳಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಗಂಟಲು ಸ್ವಲ್ಪವೂ ನಡುಗದೆ ಹೇಳಿದಳು. ಆಕೆಯನ್ನು ನಾಲ್ಕನೇ ಮಹಡಿಗೆ ಕರೆದುಕೊಂಡು ಹೋದರು. ಎರಡೂ ಹದಿನೈದು.

ಮೆಟ್ಟಿಲಿನ ಬುಡದಲ್ಲೇ ನಿಂತು ಕಡ್ಡಿಗೆ ಫೋನು ಮಾಡಿದೆ.

“ಕೌಂಟರಿಂದ ತಿದ್ದಿದ್ರೆ ಹಳೇ ವಿಳಾಸಕ್ಕೆ ಪತ್ರ ಹೋಗೋದು ನಿಜಾನಾ?”

“ನಿಜ.”

“ಇವತ್ತು ಅಂಥ ಚೀಟಿ ಸಾಲಿಗೆ ಬಿದ್ದಿದೆಯಾ?”

“ಇಲ್ಲ ಮೇಡಂ. ನೋಡ್ದೆ.” ಸ್ವಲ್ಪ ತಡೆದು, “ರೋಗಿ ತಾನೇ ತನ್ನ ಪುಟದಲ್ಲಿ ತಿದ್ಕೊಂಡ್ರೆ ಹೋಗಲ್ಲ. ಅವರೇ ತಿದ್ಕೊಂಡಿದ್ದಲ್ವಾ ಅಂತ ನಾನು ಹಾಕಿಲ್ಲ. ಆ ದಾಖಲೆ ಈಗ ಸಿಕ್ತು. ನಾನೇ ಮೇಲೆ ಬರ್ತೀನಿ, ಫೋನಲ್ಲಿ ಬೇಡ,” ಎಂದ.

ಫೋನಲ್ಲಿ ಬೇಡ ಅಂದಾಗಲೇ ನಾನು ಮೆಟ್ಟಿಲು ಹತ್ತತೊಡಗಿದ್ದೆ.

ಎರಡನೇ ಮಹಡಿಯ ತಿರುವಿನಲ್ಲಿ ಸಿಕ್ಕಿದ. ಮಡಚಿದ ಕಾಗದ ಕೈಗಿಟ್ಟ. ಹನ್ನೊಂದೂ ಒಂಬತ್ತಕ್ಕೆ ವಿಳಾಸ ಬದಲಾಗಿದೆ. ಹನ್ನೊಂದೂ ಇಪ್ಪತ್ತಾರಕ್ಕೆ ಮತ್ತೆ ಮೊದಲಿನದೇ. ಎರಡು ಸಲವೂ ರೋಗಿಯ ಸ್ವಂತ ಪುಟದಿಂದ, ರೋಗಿಯದೇ ಪಾಸ್‌ವರ್ಡಿನಿಂದ, ರೋಗಿಯದೇ ಫೋನಿನಿಂದ.

ಹನ್ನೊಂದೂ ಒಂಬತ್ತಕ್ಕೆ ಅವನ ಹೆಂಡತಿಯ ಫೋನು ಕಾರ್ಖಾನೆಯ ಗೇಟಿನಲ್ಲಿತ್ತು, ಅವಳು ಒಳಗಿದ್ದಳು. ತನ್ನ ಗಡಿಯಾರ ರಿಪೇರಿ ಅಂಗಡಿಯಲ್ಲಿ ತಮ್ಮ ಒಬ್ಬನೇ ಇದ್ದ.

“ಪತ್ರ ಬರೋ ಮೊದಲೇ ಅವನಿಗೆ ಹೇಗೆ ಗೊತ್ತಾಯ್ತು?” ಎಂದೆ. ಇನ್ನೂ ಏನಾದರೂ ಸಂದು ಸಿಗುತ್ತದೇನೋ ಎಂಬ ಆಸೆ.

“ಬಟನ್ ಒತ್ತಿದ ಕೂಡ್ಲೇ ಅವರ ಪುಟದಲ್ಲಿ ‘ಸರದಿ ಒಂದು’ ಇದ್ದದ್ದು ‘ಕರೆ’ ಅಂತ ಆಗುತ್ತೆ. ಅದು ಕ್ಯೂಗೆ ಕಾಯಲ್ಲ. ಪಟ್ಟಿಯಲ್ಲಿರೋರೆಲ್ಲ ದಿನಕ್ಕೆ ಇಪ್ಪತ್ತು ಸಲ ಆ ಪುಟ ತೆಗೆದು ನೋಡ್ತಿರ್ತಾರೆ ಮೇಡಂ.” ಗಡ್ಡ ಕೆರೆದುಕೊಂಡ. “ಈ ದಾಖಲೆ ನೀವು ಕೇಳಿದ್ರಿ ಅಂತ ತೆಗ್ದೆ. ಬೇರೆ ಯಾರೂ ಕೇಳಿಲ್ಲ.”

ಅವನ ಮಾತು ನನಗೆ ಅರ್ಥವಾಯಿತು. ಕೇಳದಿದ್ದರೆ ಅವನು ಹೇಳುವುದಿಲ್ಲ. ಸಾಲಿನ ಹೆಸರು ಮರೆತ ತಪ್ಪು ಅವನ ತಲೆಯ ಮೇಲೂ ಇದೆಯಲ್ಲ.

ನಾಲ್ಕನೇ ಮಹಡಿಯ ಉದ್ದನೆಯ ಹಜಾರದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ತಮ್ಮ ಕೂತಿದ್ದ. ಐವತ್ತೆರಡಾದರೂ ನನ್ನ ಕಣ್ಣಿಗೆ ಅವನು ಇನ್ನೂ ಮೂಗು ಒರೆಸಿಕೊಳ್ಳುವ ಹುಡುಗನೇ. ಅವನ ಹೆಂಡತಿ ತುದಿಯ ಕಿಟಕಿಯ ಬಳಿ ನರ್ಸಿನ ಹತ್ತಿರ ಏನೋ ಬರೆಸುತ್ತಿದ್ದಳು. ನನ್ನನ್ನು ಕಂಡು ಬಟ್ಟೆಯ ಬ್ಯಾಗೆತ್ತಿ ತೋರಿಸಿ ನಕ್ಕಳು. ನಾಲ್ಕು ವರ್ಷದಲ್ಲಿ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ತಮ್ಮನ ಪಕ್ಕದಲ್ಲಿ ಕೂತು ಕಾಗದವನ್ನು ಅವನ ತೊಡೆಯ ಮೇಲಿಟ್ಟೆ. ಓದಿದ. ಮುಖ ಎತ್ತಲಿಲ್ಲ.

“ಯಾಕೋ?” ಎಂದೆ. ಬೈಯಬೇಕೆಂದು ಬಂದವಳ ಬಾಯಿಂದ ಅಷ್ಟೇ ಹೊರಟಿತು.

“ಭಯ ಆಯ್ತು ಅಕ್ಕ.”

“ಭಯಾನಾ? ನಾಲ್ಕು ವರ್ಷ ಕಾದಿದ್ದೀವಲ್ಲೋ!”

“ನೀವು ಕಾಯ್ತಿದ್ರಿ. ‘ಯಾವಾಗ, ಯಾವಾಗ’ ಅಂತಿದ್ರಿ. ನಾನು ‘ಇವತ್ತಲ್ಲ, ಇವತ್ತಲ್ಲ’ ಅಂದ್ಕೊಂಡು ಪುಟ ತೆಗೀತಿದ್ದೆ. ಅಪ್ಪ ನಗ್ತಾ ನಗ್ತಾ ಆಪರೇಷನ್ ಕೋಣೆಗೆ ಹೋದ್ರಲ್ಲ, ನೀನು ಆಗ ಊರಲ್ಲಿರ್ಲಿಲ್ಲ. ಹೊರಗೆ ತಂದಾಗ ಹೆಣ ಇಳಿಸ್ಕೊಂಡಿದ್ದು ನಾನು.”

“ಬರೋದಿಲ್ಲ ಅಂತ ಒತ್ಬಹುದಿತ್ತಲ್ಲ. ಅದಕ್ಕೂ ಗುಂಡಿ ಇದೆ.”

“ಒತ್ತಿದ್ರೆ ಆ ಉತ್ತರ ಅವಳ ಫೋನಿಗೂ ಹೋಗುತ್ತೆ. ಅವಳಿಗೆ ಮುಖ ತೋರ್ಸೋಕಾಗುತ್ತಾ? ಪತ್ರಾನೇ ಬರ್ದಿದ್ರೆ ಯಾರ ತಪ್ಪೂ ಇರಲ್ಲ ಅಂದ್ಕೊಂಡೆ. ಯಂತ್ರದ ತಪ್ಪು ಅಂತ ಆಗ್ಲಿ ಅಂದ್ಕೊಂಡೆ.”

ನನ್ನ ಒಡಹುಟ್ಟಿದವನನ್ನು ಅಲ್ಲೇ ಎತ್ತಿ ಬಡಿಯಬೇಕೆನ್ನಿಸಿತು. ತಬ್ಬಿಕೊಂಡು ಅಳಬೇಕೆಂದೂ ಅನ್ನಿಸಿತು.

“ಆ ಹೆಂಗಸನ್ನ ಹಿಡಿದು ಕೂರಿಸಿದ್ದಾರೆ ಕಣೋ, ಗೊತ್ತಾ? ನಾನೇ ಹಿಡಿಸಿದ್ದು.”

ಆಗ ಮುಖ ಎತ್ತಿದ. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬೆರಳು ತಣ್ಣಗಿದ್ದವು.

“ಅಕ್ಕ, ಈಗ ಬಂದಾಯ್ತಲ್ಲ. ಆಟೋದಲ್ಲಿ ದಾರಿಯುದ್ದಕ್ಕೂ ಅವಳ ಮುಖ ನೋಡ್ದೆ. ಈಗ ಧೈರ್ಯ ಬಂದಿದೆ. ಮಾಡಿಸ್ಕೋತೀನಿ. ನಿಜವಾಗ್ಲೂ ಮಾಡಿಸ್ಕೋತೀನಿ. ಯಾರಿಗೂ ಹೇಳ್ಬೇಡ. ನಂಗೆ ಬದುಕ್ಬೇಕು ಅಕ್ಕ.”

ಅತ್ತ ದರಿ, ಇತ್ತ ಪುಲಿ. ನಿಜ ಹೇಳಿದರೆ ಪಟ್ಟಿಯಲ್ಲಿ ಕೈಯಾಡಿಸಿದವನೆಂದು ಇವನ ಹೆಸರು ಹೊಡೆದುಹಾಕುತ್ತಾರೆ. ಇವತ್ತಿನದಷ್ಟೇ ಅಲ್ಲ, ಇನ್ನು ಯಾವತ್ತಿನ ಕಿಡ್ನಿಯೂ ಇವನಿಗಿಲ್ಲ. ಹೇಳದಿದ್ದರೆ ಇನ್ನೊಬ್ಬ ಅಮಾಯಕನ ಹೆಸರು ಹೋಗುತ್ತದೆ, ಅವನ ಹೆಂಡತಿ ಪೊಲೀಸು ಠಾಣೆ ಸೇರುತ್ತಾಳೆ. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಅನ್ನುತ್ತಾರೆ. ನಾನು ಕೊಯ್ದಿದ್ದು ಮೂರನೆಯವರ ಮೂಗು.

ಬಾಗಿಲು ತೆರೆದು ದೊಡ್ಡ ಡಾಕ್ಟರು ಬಂದರು. ಕೈಯಲ್ಲಿ ಒಂದು ನಮೂನೆ, ಒಂದು ಪೆನ್ನು. ಹಿಂದೆ ಕಾವಲುಗಾರರ ನಡುವೆ ಆ ಹೆಂಗಸು. ಆಕೆ ಡಾಕ್ಟರನ್ನು ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಕಡ್ಡಿ ಮೆಟ್ಟಿಲ ಬಳಿ ನೆಲ ನೋಡುತ್ತಾ ನಿಂತಿದ್ದ.

“ಮೂರಕ್ಕೆ ನಾಲ್ಕು ನಿಮಿಷ,” ಎಂದರು ಡಾಕ್ಟರು. “ಬರೆದು ಕೊಡಿ.”

ನಮೂನೆಯಲ್ಲಿ ನಾಲ್ಕೇ ಅಂಕಣ. ರೋಗಿಯ ನಂಬರು. ತಿದ್ದಿದ ಹೊತ್ತು. ತಿದ್ದಿದವರು ರೋಗಿಗೆ ಏನಾಗಬೇಕು. ಸಹಿ.

ತಮ್ಮ ನನ್ನ ಎಡಗೈಯನ್ನು ಇನ್ನೂ ಬಿಟ್ಟಿರಲಿಲ್ಲ. ಬಲಗೈಯಿಂದ ನಂಬರು ಬರೆದೆ. ಹೊತ್ತು ಬರೆದೆ. ಮೂರನೇ ಅಂಕಣದ ಮುಂದೆ ಪೆನ್ನು ನಿಂತಿತು. ಸಾವಿರಾರು ಪತ್ರಗಳ ಮೇಲೆ ‘ಇಂಥವರು ಇಲ್ಲ’ ಎಂದು ಷರಾ ಬರೆದ ಕೈ ಇದು, ಒಮ್ಮೆಯೂ ಹೀಗೆ ತಡೆದಿರಲಿಲ್ಲ.

‘ತಾನೇ’ ಎಂದು ಬರೆದೆ. ಸಹಿ ಹಾಕಿದೆ.

ತಮ್ಮ ನನ್ನ ಕೈ ಬಿಟ್ಟ.

ಡಾಕ್ಟರು ಓದಿದರು, ನನ್ನ ಮುಖ ನೋಡಿದರು, ಮತ್ತೆ ಓದಿದರು. ಕಾವಲುಗಾರರಿಗೆ ಸನ್ನೆ ಮಾಡಿ, ಆ ಹೆಂಗಸಿನ ಭುಜ ಹಿಡಿದು ಒಳಗೆ ಕರೆದುಕೊಂಡು ಹೋದರು. ಬಾಗಿಲ ಮೇಲೆ, ಆಪರೇಷನ್ ಶುರುವಾಯಿತೆನ್ನುವ ಕೆಂಪು ದೀಪ ಹತ್ತಿತು.

ನಾನು ಎಷ್ಟು ಹೊತ್ತು ಆ ದೀಪವನ್ನೇ ನೋಡುತ್ತಾ ನಿಂತಿದ್ದೆನೋ. ಹಿಂದಿನಿಂದ ತಮ್ಮನ ಹೆಂಡತಿ ಬಂದು ನನ್ನ ತೋಳು ಹಿಡಿದಳು. ಬಟ್ಟೆಯ ಬ್ಯಾಗು ಇನ್ನೂ ಅವಳ ಹೆಗಲಲ್ಲೇ ಇತ್ತು, ಮುಖದ ನಗು ಇನ್ನೂ ಮಾಸಿರಲಿಲ್ಲ.

“ದೀಪ ಹತ್ತಿತಲ್ಲ ಅತ್ತಿಗೆ! ಇವರನ್ನ ಇಷ್ಟು ಬೇಗ ಒಳಗೆ ಕರ್ಕೊಂಡ್ರಾ?”

ತಿರುಗಿ ನೋಡಿದೆ. ಪ್ಲಾಸ್ಟಿಕ್ ಕುರ್ಚಿ ಖಾಲಿಯಾಗಿತ್ತು. ಮೆಟ್ಟಿಲಿನ ಕಡೆಯ ಬಾಗಿಲು ಮೆಲ್ಲನೆ ಮುಚ್ಚಿಕೊಳ್ಳುತ್ತಿತ್ತು, ಅದು ಕೆಳಗೂ ಹೋಗುವ ಮೆಟ್ಟಿಲು, ತಾರಸಿಗೂ ಹೋಗುವ ಮೆಟ್ಟಿಲು.

“ಮೇಡಂ,” ಎಂದ ಕಡ್ಡಿ, ಬಿಳಿಚಿಕೊಂಡ ಮುಖದಲ್ಲಿ. “ಅವರು ಮೇಲಕ್ಕೆ ಹೋದ್ರು.”